ಕ್ಲಿಂಗನ್‌ಗಳ ಹಣೆ ಯಾಕೆ ಬದಲಾಯ್ತು?

ಪ್ರಶ್ನೆ: ಚಿಕ್ಕವನಿದ್ದಾಗ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಅಮೆರಿಕದ ಬಾಹ್ಯಾಕಾಶ ಸರಣಿ ‘ಸ್ಟಾರ್ ಟ್ರೆಕ್’ ನೋಡಿದ ನೆನಪಿದೆ. ಈಗ ಒಂಬತ್ತನೇ ಕ್ಲಾಸಿನ ಮಗಳ ಜೊತೆ ಮತ್ತೆ ಶುರು ಮಾಡಿದ್ದೇನೆ. ಹಳೆಯದನ್ನು ಸ್ವಲ್ಪ ನೋಡಿ ಅದರ ಮುಂದುವರಿಕೆ ‘ನೆಕ್ಸ್ಟ್ ಜನರೇಷನ್’ಗೆ ಬಂದೆವು. ಹಳೆಯದರಲ್ಲಿ ಕ್ಲಿಂಗನ್ ಅನ್ನೋ ಶತ್ರು ಗ್ರಹದವರು ನಮ್ಮ ಹಾಗೇ ಇದ್ದರು, ಮೀಸೆ-ಗಡ್ಡ ಬಿಟ್ಟರೆ ಏನೂ ವಿಶೇಷ ಇಲ್ಲ. ಇದರಲ್ಲಿ ವೋರ್ಫ್ ಅನ್ನೋ ಕ್ಲಿಂಗನ್‌ಗೆ ಹಣೆ ತುಂಬ ಮೂಳೆ. “ಅಪ್ಪಾ, ಇವರೂ ಅವರೂ ಒಂದೇನಾ?” ಅಂತ ಮಗಳು ಕೇಳಿದಳು. ಹೌದು ಅಂದೆ, ಯಾಕೆ ಹೀಗೆ ಅಂತ ಹೇಳೋಕೆ ಬರಲಿಲ್ಲ. ಕಥೆಯಲ್ಲಿ ಇದಕ್ಕೆ ಕಾರಣ ಇದೆಯಾ ಸರ್, ಇಲ್ಲ ಸುಮ್ನೆ ಬದಲಾಯಿಸಿದ್ದಾ? ಇನ್ನು ಮುಂದೆ ಯಾವುದನ್ನು ನೋಡಬೇಕು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಸುಮ್ನೆ ಬದಲಾಯಿಸಿದ್ದು. ಕಾರಣ ಹುಡುಕಿದ್ದು ಆಮೇಲೆ. ಅದಕ್ಕೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಇಷ್ಟೇ ಹೇಳಿ ಮುಗಿಸಬಹುದು. ಆದರೆ ಸ್ಟಾರ್ ಟ್ರೆಕ್ ಅಭಿಮಾನಿಗಳ ನಡುವೆ ಇದಕ್ಕಿಂತ ಹಳೆಯ ಜಗಳ ಇನ್ನೊಂದಿಲ್ಲ. ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನೇ ಹಿಡಿದುಕೊಂಡು ಗಂಟೆಗಟ್ಟಲೆ ವಾದ ಮಾಡಿದವರಲ್ಲಿ ನಾನೂ ಒಬ್ಬ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದಲು ಒಂದು ಮಾತು. ನಾನೂ ನಿಮ್ಮ ಕಾಲದವನೇ. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅದೂ ಬ್ಲ್ಯಾಕ್ ಅಂಡ್ ವೈಟ್, ಮರದ ಬಾಗಿಲು ಇರುವಂಥದ್ದು. ಇಂಗ್ಲಿಷ್ ಒಂದಕ್ಷರ ಅರ್ಥವಾಗ್ತಿರಲಿಲ್ಲ, ಆದರೂ ಚಾಪೆ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡ್ತಿದ್ದೆವು. ಕೆಂಪು ಅಂಗಿ ಹಾಕಿಕೊಂಡು ಹೊಸ ಗ್ರಹಕ್ಕೆ ಇಳಿದವನು ಮೊದಲು ಸಾಯ್ತಾನೆ ಅನ್ನೋ ಜಗತ್ಪ್ರಸಿದ್ಧ ಜೋಕ್ ಇದೆಯಲ್ಲ, ಅದು ನನಗೆ ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ, ಕಲರ್‌ನಲ್ಲಿ ನೋಡಿದಾಗ. ಅಲ್ಲಿಯವರೆಗೆ ನನ್ನ ಪಾಲಿಗೆ ಎಲ್ಲರದೂ ಬೂದಿ ಬಣ್ಣದ ಅಂಗಿ. ಕ್ಲಿಂಗನ್‌ಗಳ ಮುಖಕ್ಕೆ ಕಂದು ಬಣ್ಣ ಬಳಿದಿದ್ದಾರೆ ಅನ್ನೋದೂ ಗೊತ್ತಿರಲಿಲ್ಲ. ಅವರು ಕೆಟ್ಟವರು ಅಂತ ತಿಳಿಯುತ್ತಿದ್ದದ್ದು ಹುಬ್ಬಿನಿಂದ, ಮೀಸೆಯಿಂದ, ಮಾತಾಡುವ ಠೀವಿಯಿಂದ.

ಆ ಮೀಸೆಗೂ ಒಂದು ಕಥೆ ಇದೆ. ಮೊದಲ ಕ್ಲಿಂಗನ್ ಪರದೆ ಮೇಲೆ ಬಂದಿದ್ದು 1967ರ ಮಾರ್ಚ್ 23ರಂದು, ‘ಎರಂಡ್ ಆಫ್ ಮರ್ಸಿ’ ಅನ್ನೋ ಎಪಿಸೋಡ್‌ನಲ್ಲಿ. ಬರೆದವರು ಜೀನ್ ಕೂನ್. ಕ್ಲಿಂಗನ್ ಕಮಾಂಡರ್ ಕೋರ್ ಆಗಿದ್ದವರು ಕೆನಡಾದ ನಟ ಜಾನ್ ಕೊಲಿಕೋಸ್. ಮೇಕಪ್ ಫ್ರೆಡ್ ಫಿಲಿಪ್ಸ್ ಅವರದು. ಚೆಂಗೀಸ್ ಖಾನ್ ಥರ ಮಾಡೋಣ ಅಂತ ತಾನೇ ಹೇಳಿದೆ ಅಂತ ಕೊಲಿಕೋಸ್ ಆಮೇಲೆ ಹೇಳಿಕೊಂಡಿದ್ದಾರೆ. ಮುಖಕ್ಕೆ ಗಾಢ ಬಣ್ಣ, ಕೆಳಗಿಳಿದ ಮೀಸೆ, ತಿದ್ದಿದ ಹುಬ್ಬು. ಅಷ್ಟಕ್ಕೇ ಒಂದು ಹೊಸ ಜನಾಂಗ ರೆಡಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕ್ಲಿಂಗನ್‌ಗಳು ಮತ್ತೆ ಮತ್ತೆ ಬಂದಿದ್ದಕ್ಕೆ ದೊಡ್ಡ ಕಾರಣವೇ ಅವರು ಅಗ್ಗ ಅನ್ನೋದು. ಅದೇ ಸರಣಿಯಲ್ಲಿ ರೋಮ್ಯುಲನ್ ಅನ್ನೋ ಇನ್ನೊಂದು ಶತ್ರು ಜನಾಂಗ ಮೊದಲೇ ಬಂದಿತ್ತು. ಆದರೆ ಅವರಿಗೆ ಕಥೆಯ ಹೀರೋಗಳಲ್ಲೊಬ್ಬನಾದ ಸ್ಪಾಕ್‌ನಂಥ ಚೂಪು ಕಿವಿ ಬೇಕು. ಒಂದೊಂದು ಕಿವಿಗೂ ದುಡ್ಡು, ಟೈಮು. ಮೊದಲ ರೋಮ್ಯುಲನ್ ಎಪಿಸೋಡ್‌ನಲ್ಲಿ ಸಣ್ಣಪುಟ್ಟ ಪಾತ್ರದವರಿಗೆ ಹೆಲ್ಮೆಟ್ ಹಾಕಿ ಕಿವಿ ಮುಚ್ಚಿಬಿಟ್ಟಿದ್ದರು! ಕ್ಲಿಂಗನ್‌ಗೆ ಆ ಗೋಜಿಲ್ಲ. ಬಣ್ಣ ಬಳಿ, ಮೀಸೆ ಅಂಟಿಸು, ನಿಲ್ಲಿಸು. ಅಂದರೆ ನಿಮ್ಮ ಮಗಳು ನೋಡಿದ ಆ ಬೋಳು ಹಣೆ ಇಲ್ಲದೇ ಹೋಗಿದ್ದರೆ ಕ್ಲಿಂಗನ್‌ಗಳು ಅಷ್ಟು ಸಲ ಬರುತ್ತಲೇ ಇರಲಿಲ್ಲವೇನೋ.

ಮೂರು ಸೀಸನ್, 79 ಎಪಿಸೋಡ್ ಆಗಿ 1969ರಲ್ಲಿ ಸರಣಿ ನಿಂತಿತು. ಹತ್ತು ವರ್ಷದ ಮೇಲೆ, 1979ರ ಡಿಸೆಂಬರ್‌ನಲ್ಲಿ ದೊಡ್ಡ ಪರದೆಗೆ ಬಂತು. ಈಗ ಕೈಯಲ್ಲಿ ಸಿನಿಮಾ ದುಡ್ಡಿದೆ. ಸಿನಿಮಾ ಶುರುವಾಗುತ್ತಿದ್ದಂತೆ ಕ್ಲಿಂಗನ್ ಹಡಗು ಕಾಣುತ್ತದೆ, ಒಳಗೆ ಕ್ಯಾಪ್ಟನ್ ತಿರುಗುತ್ತಾನೆ, ಬೆನ್ನುಮೂಳೆಯೇ ಹತ್ತಿ ತಲೆ ಮೇಲಿಂದ ಇಳಿದು ಮೂಗಿನ ತನಕ ಬಂದ ಹಾಗೆ ಒಂದು ಉಬ್ಬು! ಬಾಯಲ್ಲಿ ಅರ್ಥವಾಗದ ಭಾಷೆ, ಕೆಳಗೆ ಸಬ್‌ಟೈಟಲ್. ಆ ಕ್ಯಾಪ್ಟನ್ ಆಗಿದ್ದವರು ಮಾರ್ಕ್ ಲೆನಾರ್ಡ್, ಹಳೇ ಸರಣಿಯಲ್ಲಿ ಒಮ್ಮೆ ರೋಮ್ಯುಲನ್ ಆಗಿ, ಇನ್ನೊಮ್ಮೆ ಸ್ಪಾಕ್‌ನ ಅಪ್ಪನಾಗಿ ಬಂದಿದ್ದ ಅದೇ ಲೆನಾರ್ಡ್. (ಇದೇ ಸಿನಿಮಾದಲ್ಲಿ ತಲೆ ಬೋಳಿಸಿಕೊಂಡು ಇಲಿಯಾ ಆದವರು ಮುಂಬೈನ ಪರ್ಸಿಸ್ ಖಂಬಾಟ. ಮಗಳಿಗೆ ತೋರಿಸಿ.) ಹಣೆ ಯಾಕೆ ಹೀಗಾಯ್ತು ಅಂತ ಸಿನಿಮಾದಲ್ಲಿ ಒಂದೇ ಒಂದು ಮಾತಿಲ್ಲ. ಸರಣಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಅಭಿಮಾನಿಗಳಿಗೆ ಹೇಳುತ್ತಿದ್ದ ಸಮಾಧಾನ ಇಷ್ಟೇ: ಕ್ಲಿಂಗನ್‌ಗಳು ಮೊದಲಿಂದಲೂ ಹೀಗೇ ಇದ್ದರು, ನಮ್ಮ ಹತ್ತಿರ ಆಗ ತೋರಿಸೋಕೆ ದುಡ್ಡಿರಲಿಲ್ಲ.

ನನಗೆ ಕೇಳಿದರೆ ಇದು ಒಳ್ಳೆಯ ಉತ್ತರ. ಯಕ್ಷಗಾನದಲ್ಲಿ ತೆಂಕಿನ ರಾವಣನ ಮುಖವೇ ಬೇರೆ, ಬಡಗಿನ ರಾವಣನ ಮುಖವೇ ಬೇರೆ. ಆಟ ಬಿಟ್ಟು ಚೌಕಿಗೆ ಹೋಗಿ ಕಾರಣ ಕೇಳಿದವರನ್ನು ನಾನಂತೂ ನೋಡಿಲ್ಲ. ವೇಷ ಬದಲಾಯ್ತು, ರಾವಣ ಅವನೇ. 1987ರಲ್ಲಿ ‘ನೆಕ್ಸ್ಟ್ ಜನರೇಷನ್’ ಬಂದಾಗ ವೋರ್ಫ್‌ಗೂ ಹೊಸ ಹಣೆಯನ್ನೇ ಕೊಟ್ಟರು. ಪಾತ್ರ ಮಾಡಿದ ಮೈಕಲ್ ಡಾರ್ನ್ ದಿನಾ ಬೆಳಿಗ್ಗೆ ಎದ್ದು ಆ ರಬ್ಬರ್ ಹಣೆ ಅಂಟಿಸಿಕೊಳ್ಳೋಕೆ ಮೇಕಪ್ ಕುರ್ಚಿಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ಕೂರಬೇಕಿತ್ತು. ಇದು ಮತ್ತು ಆಮೇಲೆ ವೋರ್ಫ್ ಸೇರಿಕೊಂಡ ‘ಡೀಪ್ ಸ್ಪೇಸ್ ನೈನ್’, ಎರಡು ಸರಣಿ ಸೇರಿ 250ಕ್ಕೂ ಹೆಚ್ಚು ಎಪಿಸೋಡ್. ಲೆಕ್ಕ ನೀವೇ ಹಾಕಿ.

ಹಾಗಿದ್ದರೆ ಜಗಳ ಯಾಕೆ ಮುಗಿಯಲಿಲ್ಲ? ಯಾಕಂದರೆ ಬರೆಯುವವರೇ ಹಳೇ ಗಾಯ ಕೆರೆದರು. 1994ರಲ್ಲಿ ‘ಡೀಪ್ ಸ್ಪೇಸ್ ನೈನ್’ನಲ್ಲಿ ‘ಬ್ಲಡ್ ಓತ್’ ಅಂತ ಒಂದು ಎಪಿಸೋಡ್ ಬಂತು. ಅದರಲ್ಲಿ ಹಳೇ ಸರಣಿಯ ಮೂವರು ಕ್ಲಿಂಗನ್‌ಗಳನ್ನು ವಾಪಸ್ ಕರೆತಂದರು. ಕೋರ್, ಕೊಲೋತ್, ಕ್ಯಾಂಗ್. ನಟರೂ ಅವರೇ: ಕೊಲಿಕೋಸ್, ವಿಲಿಯಂ ಕ್ಯಾಂಪ್‌ಬೆಲ್, ಮೈಕಲ್ ಅನ್ಸಾರಾ. ಮೂವರಿಗೂ ವಯಸ್ಸಾಗಿದೆ, ಮೂವರಿಗೂ ಹಣೆ ಮೇಲೆ ಉಬ್ಬು ಬಂದಿದೆ! ಯಾರೂ ಏನೂ ಮಾತಾಡಲ್ಲ. ಇಷ್ಟರವರೆಗೂ ರಾಡನ್‌ಬೆರಿ ಉತ್ತರ ನಡೆಯುತ್ತಿತ್ತು.

ಆಮೇಲೆ 1996 ಬಂತು. ಸ್ಟಾರ್ ಟ್ರೆಕ್‌ಗೆ ಮೂವತ್ತು ವರ್ಷ. ‘ಡೀಪ್ ಸ್ಪೇಸ್ ನೈನ್’ನವರು ಒಂದು ಹುಚ್ಚು ಸಾಹಸಕ್ಕೆ ಕೈ ಹಾಕಿದರು. 1967ರ ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ (ಟ್ರಿಬಲ್ ಅಂದರೆ ರೋಮದ ಉಂಡೆಯಂಥ ಪುಟ್ಟ ಪ್ರಾಣಿ) ಎಪಿಸೋಡಿನ ಹಳೇ ಫಿಲ್ಮಿನೊಳಗೆ ತಮ್ಮ ನಟರನ್ನು ಕಂಪ್ಯೂಟರ್‌ನಲ್ಲಿ ಸೇರಿಸಿದರು. ಈ ಎಪಿಸೋಡಿನ ಹೆಸರು ‘ಟ್ರಯಲ್ಸ್ ಅಂಡ್ ಟ್ರಿಬಲೇಷನ್ಸ್’. ಕಥೆ ಪ್ರಕಾರ ಇವರೆಲ್ಲ ನೂರು ವರ್ಷ ಹಿಂದಕ್ಕೆ ಹೋಗಿದ್ದಾರೆ. ಈಗ ತಪ್ಪಿಸಿಕೊಳ್ಳೋಕೆ ದಾರಿಯೇ ಇಲ್ಲ, ಯಾಕಂದರೆ ಬೋಳು ಹಣೆಯ ಕ್ಲಿಂಗನ್‌ಗಳು ಮತ್ತು ವೋರ್ಫ್ ಒಂದೇ ಬಾರ್‌ನಲ್ಲಿ ಇದ್ದಾರೆ. ಸುಮ್ಮನೆ ವೇಷ ಬದಲಾಯ್ತು ಅಂತ ತಳ್ಳಿಹಾಕೋಕೂ ಆಗಲ್ಲ. ಆ ಹಳೇ ಕಥೆ ನಿಂತಿರುವುದೇ ಡಾರ್ವಿನ್ ಅನ್ನೋ ಕ್ಲಿಂಗನ್ ಗೂಢಚಾರ ಮನುಷ್ಯನ ವೇಷದಲ್ಲಿ ಓಡಾಡಿಕೊಂಡಿದ್ದಾನೆ ಅನ್ನೋದರ ಮೇಲೆ. ಎಲ್ಲ ಕ್ಲಿಂಗನ್‌ಗಳ ಮುಖವೂ ಮನುಷ್ಯರ ಥರ ಇದ್ದ ಕಾಲದಲ್ಲಿ ಬರೆದ ಕಥೆ ಅದು.

ಆ ಬಾರ್ ಸೀನ್ ಹೀಗಿದೆ. ಒಂದು ಟೇಬಲ್. ವೋರ್ಫ್, ಅವನ ಜೊತೆಗಾರರಾದ ಓಡೋ, ಓ’ಬ್ರಯನ್, ಡಾಕ್ಟರ್ ಬಶೀರ್. ವೋರ್ಫ್ ಹಣೆ ಕಾಣದ ಹಾಗೆ ಮುಚ್ಚಿಕೊಂಡಿದ್ದಾನೆ. ಸುತ್ತ ಹಳೇ ಕಾಲದ ಕ್ಲಿಂಗನ್‌ಗಳು ಕುಡಿಯುತ್ತಿದ್ದಾರೆ. ಕ್ಲಿಂಗನ್‌ಗಳು ಬಂದಿದ್ದಾರೆ ಅಂತ ಕೇಳಿ ಇವರು ಸುತ್ತ ಹುಡುಕುತ್ತಾರೆ, ಎಲ್ಲಿ ಅಂತ ಗೊತ್ತಾಗಲ್ಲ. ಇವರೇ ಕ್ಲಿಂಗನ್‌ಗಳಾ? ಮೂವರೂ ನಿಧಾನವಾಗಿ ವೋರ್ಫ್ ಕಡೆ ತಿರುಗುತ್ತಾರೆ. ಹೌದು, ಅವರು ಕ್ಲಿಂಗನ್‌ಗಳೇ, ಅದೊಂದು ದೊಡ್ಡ ಕಥೆ ಅಂತಾನೆ ವೋರ್ಫ್. ಏನಾಯ್ತು, ಜೀನ್‌ಗಳನ್ನೇನಾದರೂ ತಿದ್ದಿದರಾ ಅಂತ ಓ’ಬ್ರಯನ್. ವೈರಸ್ಸಾ ಅಂತ ಬಶೀರ್. ವೋರ್ಫ್ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲ್ಲ. ಹೊರಗಿನವರ ಹತ್ತಿರ ನಾವು ಆ ವಿಷಯ ಮಾತಾಡಲ್ಲ. ಅಷ್ಟೇ! ಮುಂದಿನ ಮಾತಿಗೆ ಹೋಗಿಬಿಡುತ್ತಾರೆ.

ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮನೆಯ ಹಳೇ ವಿಷಯವೊಂದನ್ನು ಮಕ್ಕಳು ಕೆದಕಿದಾಗ ಅಜ್ಜ “ಅದೆಲ್ಲ ನಿಮಗ್ಯಾಕೆ, ಊಟ ಮಾಡಿ” ಅಂತಾರಲ್ಲ, ಥೇಟ್ ಅದೇ ದನಿ. ಕಾರಣ ಸಿಗಲಿಲ್ಲ. ಆದರೆ ಮೂವತ್ತು ವರ್ಷದ ಪ್ರಶ್ನೆಗೆ ಇದ್ದಕ್ಕಿದ್ದ ಹಾಗೆ ಒಂದು ಅವಮಾನದ, ಒಂದು ಗುಟ್ಟಿನ ಬಣ್ಣ ಬಂತು.

ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. 2001ರಲ್ಲಿ ‘ಎಂಟರ್‌ಪ್ರೈಸ್’ ಅನ್ನೋ ಸರಣಿ ಬಂತು. ಅದರ ಕಥೆ ನಡೆಯೋದು ಹಳೇ ಸರಣಿಯ ಕ್ಯಾಪ್ಟನ್ ಕರ್ಕ್‌ಗಿಂತ ನೂರು ವರ್ಷ ಹಿಂದೆ. ಮೊದಲ ಎಪಿಸೋಡ್‌ನಲ್ಲೇ ಕ್ಲಿಂಗನ್ ಬರ್ತಾನೆ, ಹಣೆ ತುಂಬ ಉಬ್ಬು! ಅಂದರೆ ಮೊದಲು ಉಬ್ಬು ಇತ್ತು, ಕರ್ಕ್ ಕಾಲಕ್ಕೆ ಹೋಯ್ತು, ಆಮೇಲೆ ಮತ್ತೆ ಬಂತು ಅಂತಾಯ್ತು. ಗೋಜಲು ಡಬಲ್ ಆಯ್ತು.

ಅದನ್ನು ಬಿಡಿಸಿದ್ದು ನಾಲ್ಕನೇ ಸೀಸನ್‌ನಲ್ಲಿ. ಆ ಹೊತ್ತಿಗೆ ಉಸ್ತುವಾರಿ ಮ್ಯಾನಿ ಕೋಟೋ ಅವರದಾಗಿತ್ತು. ಹಳೇ ಸರಣಿಗೆ ಕೊಂಡಿ ಹಾಕುವುದರಲ್ಲಿ ಅವರಿಗೆ ವಿಪರೀತ ಆಸಕ್ತಿ. 2005ರ ಫೆಬ್ರವರಿಯಲ್ಲಿ ‘ಅಫ್ಲಿಕ್ಷನ್’, ‘ಡೈವರ್ಜೆನ್ಸ್’ ಅಂತ ಎರಡು ಭಾಗದ ಕಥೆ ಪ್ರಸಾರವಾಯಿತು. ತಮಾಷೆ ಏನಂದರೆ ಸರಣಿಯನ್ನೇ ನಿಲ್ಲಿಸುತ್ತೇವೆ ಅಂತ ಅದೇ ತಿಂಗಳ ಶುರುವಿನಲ್ಲಿ ಘೋಷಣೆಯಾಗಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಹಳೇ ಸಾಲ ತೀರಿಸಿದ ಹಾಗೆ.

ಮಗಳಿಗೆ ಹೇಳೋಕೆ ಕಥೆ ಚಿಕ್ಕದಾಗಿ ಇಲ್ಲಿದೆ. ಮನುಷ್ಯರು ಹಿಂದೆ ಜೀನ್ ತಿದ್ದಿ ‘ಆಗ್ಮೆಂಟ್’ ಅನ್ನೋ ಅತಿಮಾನವರನ್ನು ಸೃಷ್ಟಿಸಿದ್ದರು. ಉಳಿದಿದ್ದ ಭ್ರೂಣಗಳ ಡಿಎನ್‌ಎ ಕ್ಲಿಂಗನ್‌ಗಳ ಕೈಗೆ ಸಿಕ್ಕಿತು. ತಾವೂ ಅಂಥ ಸೈನಿಕರನ್ನು ಮಾಡೋಣ ಅಂತ ಹೊರಟರು. ಪ್ರಯೋಗಕ್ಕೆ ಸಿಕ್ಕವನೊಬ್ಬನಿಗೆ ಜ್ವರ ಇತ್ತು. ಆ ಜ್ವರದ ವೈರಸ್ ಜೊತೆ ತಿದ್ದಿದ ಜೀನ್ ಸೇರಿಕೊಂಡು ಗಾಳಿಯಲ್ಲಿ ಹರಡುವ ಕಾಯಿಲೆಯಾಯಿತು. ಮೊದಲ ಹಂತದಲ್ಲಿ ಹಣೆಯ ಉಬ್ಬು ಕರಗುತ್ತೆ, ಮುಂದೆ ಹೋದರೆ ಸಾವು. ಎಂಟರ್‌ಪ್ರೈಸ್‌ನ ಡಾಕ್ಟರ್ ಫ್ಲಾಕ್ಸ್ ಮದ್ದು ಕಂಡುಹಿಡಿಯುತ್ತಾನೆ, ಆದರೆ ಆ ಮದ್ದು ಕಾಯಿಲೆಯನ್ನು ಮೊದಲ ಹಂತದಲ್ಲೇ ನಿಲ್ಲಿಸುತ್ತೆ. ಜೀವ ಉಳಿಯಿತು, ಹಣೆ ಹೋಯಿತು. ಲಕ್ಷಾಂತರ ಕ್ಲಿಂಗನ್‌ಗಳು, ಅವರ ಮಕ್ಕಳು, ಎಲ್ಲರೂ ಮನುಷ್ಯರ ಮುಖ ಹೊತ್ತು ಬದುಕಬೇಕಾಯ್ತು. ಹಾಗಾದರೆ ಕೋರ್‌ಗೆ ಆಮೇಲೆ ಉಬ್ಬು ಹೇಗೆ ಬಂತು? ಅದಕ್ಕೂ ಕೊನೆಯಲ್ಲಿ ಒಂದು ತಮಾಷೆ ಇಟ್ಟಿದ್ದಾರೆ. ಕ್ಲಿಂಗನ್ ಡಾಕ್ಟರ್ ಇನ್ನು ಮೇಲೆ ತಲೆಬುರುಡೆ ಸರಿಮಾಡುವ ಸರ್ಜರಿಗೆ ಇಳೀಬೇಕು, ಅದಕ್ಕೆ ಗಿರಾಕಿ ಜಾಸ್ತಿ ಇರ್ತಾರೆ ಅನ್ನೋ ಅರ್ಥದ ಮಾತು ಬರುತ್ತೆ.

ನೋಡಿದಿರಾ ಕೈಚಳಕ? 1996ರ ಬಾರ್‌ನಲ್ಲಿ ಓ’ಬ್ರಯನ್ ಹೇಳಿದ್ದು ಜೀನ್, ಬಶೀರ್ ಹೇಳಿದ್ದು ವೈರಸ್. ಬರೀ ನಗಿಸೋಕೆ ಬರೆದ ಎರಡು ಊಹೆಗಳು. ಒಂಬತ್ತು ವರ್ಷದ ಮೇಲೆ ಇನ್ನೊಂದು ಸರಣಿಯವರು ಎರಡನ್ನೂ ಸೇರಿಸಿ ಉತ್ತರ ಮಾಡಿದರು.

ಇಲ್ಲೊಂದು ಭಾರತದ ಎಳೆಯೂ ಇದೆ. ಆ ಅತಿಮಾನವರಲ್ಲಿ ಹೆಸರಾದವನು ಖಾನ್ ನೂನಿಯನ್ ಸಿಂಗ್. 1967ರ ‘ಸ್ಪೇಸ್ ಸೀಡ್’ ಎಪಿಸೋಡ್ ಪ್ರಕಾರ ಅವನು ಉತ್ತರ ಭಾರತದ ಕಡೆಯವನು, ಬಹುಶಃ ಸಿಖ್ಖ, 1990ರ ದಶಕದಲ್ಲಿ ಭೂಮಿಯ ಕಾಲು ಭಾಗ ಆಳಿದವನು. ಪಾತ್ರ ಮಾಡಿದವರು ಮೆಕ್ಸಿಕೋ ಮೂಲದ ರಿಕಾರ್ಡೋ ಮೊಂಟಲ್ಬಾನ್. ಗಡ್ಡವೂ ಇಲ್ಲ, ಪೇಟವೂ ಇಲ್ಲ, ಪೇಟ ಇರುವುದು ಎಪಿಸೋಡ್‌ನಲ್ಲಿ ಬರುವ ಅವನ ಚಿತ್ರದಲ್ಲಿ ಮಾತ್ರ. ‘ಖಾನ್’ ಮತ್ತು ‘ಸಿಂಗ್’ ಒಂದೇ ಹೆಸರಿನಲ್ಲಿ ಹೇಗೆ ಬಂತು ಅಂತ ನನ್ನನ್ನು ಕೇಳಬೇಡಿ. ಒಟ್ಟಿನಲ್ಲಿ ಕ್ಲಿಂಗನ್‌ಗಳ ಹಣೆ ಸಪಾಟಾಗಿದ್ದಕ್ಕೆ ಈ ಸಿಂಗ್‌ನ ಬಳಗವೇ ಕಾರಣ.

ಇಷ್ಟು ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ. 2005ರ ಕಥೆ ಜಾಣತನದ್ದು, ಚೆನ್ನಾಗಿಯೂ ಇದೆ. ಆದರೂ ನನ್ನ ಮತ ವೋರ್ಫ್‌ಗೇ. ಗುಟ್ಟು ಗುಟ್ಟಾಗಿದ್ದಾಗ ಏನೋ ದೊಡ್ಡದು ಅನ್ನಿಸ್ತಿತ್ತು, ಬಿಚ್ಚಿಟ್ಟಾಗ ಒಂದು ಲ್ಯಾಬ್ ಅಪಘಾತ ಆಯ್ತು.

ಈಗ ನನ್ನ ತಕರಾರು ಹೇಳ್ತೀನಿ. ಹಣೆ ಬದಲಾಗಿದ್ದನ್ನು ಎಲ್ಲರೂ ಕೇಳ್ತಾರೆ. ಸ್ವಭಾವ ಬದಲಾಗಿದ್ದನ್ನು ಯಾರೂ ಕೇಳಲ್ಲ. ಅದು ಹಣೆಗಿಂತ ಎಷ್ಟೋ ದೊಡ್ಡ ಬದಲಾವಣೆ ಅಲ್ವಾ?

ನೀವು ಚಿಕ್ಕಂದಿನಲ್ಲಿ ನೋಡಿದ ಕ್ಲಿಂಗನ್ ಕುತಂತ್ರಿ. ಡಾರ್ವಿನ್ ಧಾನ್ಯಕ್ಕೆ ವಿಷ ಹಾಕ್ತಾನೆ. ಕೋರ್ ಒಂದು ಶಾಂತ ಊರಿಗೆ ಸೈನ್ಯ ನುಗ್ಗಿಸಿ, ಇನ್ನೂರು ಜನ ಒತ್ತೆಯಾಳುಗಳನ್ನು ಕೊಲ್ಲಿಸೋಕೆ ಆಜ್ಞೆ ಕೊಡ್ತಾನೆ. ಅಮೆರಿಕ ಮತ್ತು ರಷ್ಯ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡುತ್ತಿದ್ದ ಕಾಲ ಅದು, ಕ್ಲಿಂಗನ್ ಅಂದರೆ ಆ ಕಡೆಯವರು. ಇಷ್ಟಾದರೂ ಜೀನ್ ಕೂನ್ ಸುಮ್ನೆ ಒಬ್ಬ ಖಳನನ್ನು ಬರೆಯಲಿಲ್ಲ. ‘ಎರಂಡ್ ಆಫ್ ಮರ್ಸಿ’ಯ ಕೊನೆಗೆ ಆ ಊರಿನವರು ಮಹಾ ಶಕ್ತಿವಂತರು ಅಂತ ಗೊತ್ತಾಗುತ್ತೆ. ಅವರು ಎರಡೂ ಕಡೆಯ ಆಯುಧಗಳನ್ನು ಮುಟ್ಟಲಾಗದಷ್ಟು ಬಿಸಿ ಮಾಡಿ ಯುದ್ಧವನ್ನೇ ನಿಲ್ಲಿಸ್ತಾರೆ. ಆಗ ಕೂಗಾಡುವವನು ಯಾರು? ನಮ್ಮ ಹೀರೋ ಕರ್ಕ್! ಯುದ್ಧ ಮಾಡುವ ಹಕ್ಕು ನಮ್ಮದು ಅಂತ ಹೇಳಹೋಗಿ ನಡುವೆ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಕೋರ್ ಹೋಗುವಾಗ ಬೇಜಾರಿನಿಂದ, ಛೇ ಕ್ಯಾಪ್ಟನ್, ಎಂಥಾ ಅದ್ಭುತ ಯುದ್ಧ ಆಗ್ತಿತ್ತು ಅನ್ನೋ ಹಾಗೆ ಒಂದು ಮಾತು ಬಿಟ್ಟು ಹೋಗ್ತಾನೆ.

ಆ ಒಂದು ಸಾಲು ನೋಡಿ. ಗೆಲ್ಲೋದಕ್ಕಿಂತ ಯುದ್ಧವೇ ಮುಖ್ಯ, ಅದರ ವೈಭವ ಮುಖ್ಯ. ಇಪ್ಪತ್ತು ವರ್ಷದ ಮೇಲೆ ಕ್ಲಿಂಗನ್‌ಗಳ ಇಡೀ ಬದುಕು ಮೊಳೆತದ್ದು ಆ ಸಾಲಿನಿಂದ ಅಂತ ನನ್ನ ನಂಬಿಕೆ.

ನೀರೆರೆದವರು ರೊನಾಲ್ಡ್ ಮೂರ್. ಈ ಮನುಷ್ಯ ಅಭಿಮಾನಿಯಾಗಿ ‘ನೆಕ್ಸ್ಟ್ ಜನರೇಷನ್’ ಸೆಟ್ ನೋಡೋಕೆ ಹೋಗಿ, ತಾನು ಬರೆದ ಸ್ಕ್ರಿಪ್ಟ್ ಒಂದನ್ನು ಅಲ್ಲಿಯವರ ಕೈಗೆ ಕೊಟ್ಟು ಬಂದವರು. ಅದು 1989ರಲ್ಲಿ ಎಪಿಸೋಡ್ ಆಯಿತು, ಅವರಿಗೆ ಕೆಲಸವೂ ಸಿಕ್ಕಿತು. ಮರುವರ್ಷ ‘ಸಿನ್ಸ್ ಆಫ್ ದಿ ಫಾದರ್’. ವೋರ್ಫ್‌ನ ಸತ್ತ ಅಪ್ಪನ ಮೇಲೆ ದೇಶದ್ರೋಹದ ಆರೋಪ. ಸುಳ್ಳು ಅಂತ ವೋರ್ಫ್‌ಗೆ ಗೊತ್ತಾಗುತ್ತೆ, ಅಲ್ಲಿ ಕೂತಿರುವ ದೊಡ್ಡವರಿಗೂ ಗೊತ್ತು. ನಿಜ ಹೊರಗೆ ಬಂದರೆ ಒಳಜಗಳದಲ್ಲಿ ಸಾಮ್ರಾಜ್ಯವೇ ಒಡೆದು ಹೋಗುತ್ತೆ. ವೋರ್ಫ್ ಅವಮಾನವನ್ನು ತಲೆ ಮೇಲೆ ಹೊತ್ತುಕೊಳ್ಳೋಕೆ ಒಪ್ಪುತ್ತಾನೆ. ಆಗ ಅಲ್ಲಿದ್ದ ಕ್ಲಿಂಗನ್‌ಗಳು ಒಬ್ಬೊಬ್ಬರಾಗಿ ಎದೆ ಮೇಲೆ ಕೈ ಕಟ್ಟಿ, ಅವನಿಗೆ ಬೆನ್ನು ತಿರುಗಿಸಿ ನಿಲ್ತಾರೆ. ಒಂದು ಏಟಿಲ್ಲ, ಬೈಗುಳವಿಲ್ಲ. ಬರೀ ಬೆನ್ನುಗಳು. ಸ್ವಂತ ತಮ್ಮನೂ ತಿರುಗಬೇಕಾಗುತ್ತೆ. ನೀವು ‘ನೆಕ್ಸ್ಟ್ ಜನರೇಷನ್’ ಶುರು ಮಾಡಿದ್ದೀರಲ್ಲ, ಇದು ಮೂರನೇ ಸೀಸನ್‌ನ 17ನೇ ಎಪಿಸೋಡ್. ಮೊದಲ ಸೀಸನ್ ಸ್ವಲ್ಪ ಸಪ್ಪೆ, ಮಗಳಿಗೆ ಬೇಜಾರಾದರೆ ಮೂರಕ್ಕೇ ಹಾರಿ, ಏನೂ ನಷ್ಟವಿಲ್ಲ.

ಹೊರಗಿನ ಪ್ರಪಂಚವೂ ಬದಲಾಗುತ್ತಿತ್ತು. 1987ರಲ್ಲೇ ವೋರ್ಫ್‌ನನ್ನು ಹಡಗಿನ ಬ್ರಿಡ್ಜ್ ಮೇಲೆ ಗೆಳೆಯನಾಗಿ ನಿಲ್ಲಿಸಿದ್ದರು, ಬರ್ಲಿನ್ ಗೋಡೆ ಬೀಳೋಕೆ ಇನ್ನೂ ಎರಡು ವರ್ಷ ಇತ್ತು. 1991ರ ಡಿಸೆಂಬರ್ ಮೊದಲ ವಾರ ಆರನೇ ಸಿನಿಮಾ ಬಂತು. ಅದರಲ್ಲಿ ಕ್ಲಿಂಗನ್‌ಗಳ ಒಂದು ಚಂದ್ರನೇ ಸ್ಫೋಟವಾಗುತ್ತೆ, ಗತಿಯಿಲ್ಲದೆ ಶಾಂತಿಗೆ ಬರ್ತಾರೆ. ಚೆರ್ನೋಬಿಲ್ ನೆನಪಾಗದೇ ಇರಲ್ಲ. ಆ ತಿಂಗಳು ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಇಷ್ಟೆಲ್ಲ ಆದರೂ ನಮ್ಮ ಅಭಿಮಾನಿ ಬಳಗ ಮಾತ್ರ ರಬ್ಬರ್ ಹಣೆ ಹಿಡಿದುಕೊಂಡು ಕೂತಿತ್ತು, ನಾನೂ ಸೇರಿದ ಹಾಗೆ.

2017ರ ರಾದ್ಧಾಂತ ಬೇಗ ಹೇಳಿ ಮುಗಿಸ್ತೀನಿ. ‘ಡಿಸ್ಕವರಿ’ ಸರಣಿ ಕ್ಲಿಂಗನ್‌ಗಳನ್ನು ಪೂರ್ತಿ ಬೋಳು ಮಾಡಿ, ತಲೆ ಹಿಂದಕ್ಕೆ ಎಳೆದು, ಬಾಯಿ ತುಂಬ ಹಲ್ಲು ಕೊಟ್ಟಿತು. ಎಲ್ಲರೂ ಕ್ಲಿಂಗನ್ ಭಾಷೆಯಲ್ಲೇ ಮಾತು. ಭಾಷೆ ನಿಜವಾದದ್ದೇ, ಮಾರ್ಕ್ ಓಕ್ರಂಡ್ ಅನ್ನೋ ಭಾಷಾಶಾಸ್ತ್ರಜ್ಞ 1984ರ ಸಿನಿಮಾಕ್ಕಾಗಿ ವ್ಯಾಕರಣ ಸಮೇತ ಕಟ್ಟಿದ್ದು. ಆದರೆ ಅಷ್ಟು ರಬ್ಬರ್ ಹಿಂದೆ ನಟರ ಮುಖವೇ ಕಾಣಲ್ಲ. ಹಣೆ ಬದಲಾಗಿದ್ದು ನನಗೆ ತೊಂದರೆಯಿಲ್ಲ, ಕಣ್ಣು-ಕೆನ್ನೆ ಅಲ್ಲಾಡದೇ ಇದ್ದದ್ದು ತೊಂದರೆ. ಡಾರ್ನ್ ಅರ್ಧ ಹುಬ್ಬಿನಲ್ಲಿ ಹೇಳಿದ್ದನ್ನು ಇವರಿಗೆ ಇಡೀ ತಲೆ ತಿರುಗಿಸಿದರೂ ಹೇಳೋಕಾಗಲಿಲ್ಲ. ಎರಡನೇ ಸೀಸನ್‌ಗೆ ಕೂದಲು ವಾಪಸ್ ಬಂತು, ಯುದ್ಧ ಕಾಲದಲ್ಲಿ ಬೋಳಿಸಿಕೊಳ್ತಾರೆ ಅಂತ ತೇಪೆ ಹಾಕಿದರು. 2022ರಲ್ಲಿ ಶುರುವಾದ ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ನಲ್ಲಿ ವೋರ್ಫ್ ಥರದ ಹಣೆಯೇ ಮತ್ತೆ ಬಂತು, ಯಾರೂ ಏನೂ ವಿವರಣೆ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ!

‘ಡಿಸ್ಕವರಿ’ಯಲ್ಲಿ ಒಂದು ಮಜಾ ಮಾತ್ರ ನೆನಪಿಟ್ಟುಕೊಳ್ಳುವಂಥದ್ದು. ವೋಕ್ ಅನ್ನೋ ಕ್ಲಿಂಗನ್ ಪಾತ್ರಕ್ಕೆ ‘ಜಾವಿದ್ ಇಕ್ಬಾಲ್’ ಅನ್ನೋ ನಟನ ಹೆಸರು ಹಾಕಿದ್ದರು. ಆ ನಟನ ಇನ್ನೊಂದು ಕೆಲಸವಾಗಲಿ ಸಂದರ್ಶನವಾಗಲಿ ಎಲ್ಲೂ ಸಿಗಲಿಲ್ಲ. ಅಭಿಮಾನಿಗಳಿಗೆ ವಾಸನೆ ಬಡಿಯಿತು. ಹಡಗಿನಲ್ಲಿ ಒಳ್ಳೆಯವನಾಗಿ ಓಡಾಡಿಕೊಂಡಿದ್ದ ಟೈಲರ್ ಪಾತ್ರದ ಶಹಜಾದ್ ಲತೀಫ್ ಅವರೇ ಇವನೂ, ಅಂದರೆ ಟೈಲರ್ ಸರ್ಜರಿ ಮಾಡಿಸಿಕೊಂಡ ಕ್ಲಿಂಗನ್ ಅಂತ ಕಥೆ ಬಾಯಿ ಬಿಡುವ ಮೊದಲೇ ಕಂಡುಹಿಡಿದಿದ್ದರು. ಐವತ್ತು ವರ್ಷದ ಹಿಂದಿನ ಡಾರ್ವಿನ್‌ನ ಕಥೆಯೇ, ಹೊಸ ಬಾಟಲಿ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಯಾವುದನ್ನು ನೋಡಬೇಕು ಅನ್ನೋದು. ಎಲ್ಲ ಸರಣಿಯನ್ನೂ ಪ್ರಸಾರವಾದ ಕ್ರಮದಲ್ಲೇ ನೋಡಬೇಕು ಅಂತ ಹಠ ಹಿಡಿಯುವವರಿದ್ದಾರೆ, ಅವರ ಮಾತು ಕೇಳಬೇಡಿ. ಮಗಳು ಕಾಲೇಜು ಮುಗಿಸಿರ್ತಾಳೆ. ಹಣೆಯ ದಾರಿ ಹಿಡಿದು ಹೋಗಿ. ‘ಎರಂಡ್ ಆಫ್ ಮರ್ಸಿ’, ಆಮೇಲೆ ‘ಸಿನ್ಸ್ ಆಫ್ ದಿ ಫಾದರ್’, ಆಮೇಲೆ ‘ಬ್ಲಡ್ ಓತ್’. ಒಂದು ಭಾನುವಾರ ಟ್ರಿಬಲ್ಸ್ ಎರಡನ್ನೂ ಬೆನ್ನಿಗೆ ಬೆನ್ನು ನೋಡಿ, ಮೊದಲು 1967ರದ್ದು, ತಕ್ಷಣ 1996ರದ್ದು. ಎರಡರ ನಡುವೆ ದಿನ ಬಿಟ್ಟರೆ ಮಜಾ ಅರ್ಧ ಹೋಗುತ್ತೆ, ಯಾಕಂದರೆ ಕರ್ಕ್‌ನ ತಲೆ ಮೇಲೆ ಆ ರೋಮದ ಉಂಡೆಗಳನ್ನು ಒಂದೊಂದಾಗಿ ಎಸೆಯುತ್ತಿದ್ದವರು ಯಾರು ಅನ್ನೋದು ಎರಡನೆಯದರಲ್ಲಿ ಗೊತ್ತಾಗುತ್ತೆ. ‘ಅಫ್ಲಿಕ್ಷನ್’, ‘ಡೈವರ್ಜೆನ್ಸ್’ ಬಿಡುವಿದ್ದರೆ ನೋಡಿ.

ಕೊನೆಗೆ ಒಂದು ಎಪಿಸೋಡ್ ಮಾತ್ರ ತಪ್ಪಿಸಬೇಡಿ. ಈ ಹಣೆ ಜಗಳದಲ್ಲಿ ಇದರ ಹೆಸರು ಯಾರೂ ಎತ್ತಲ್ಲ ಅನ್ನೋದೇ ನನಗೆ ಆಶ್ಚರ್ಯ. ‘ವಾಯೇಜರ್’ ಸರಣಿ, ಏಳನೇ ಸೀಸನ್, 12ನೇ ಎಪಿಸೋಡ್, ‘ಲಿನಿಯೇಜ್’, 2001ರದ್ದು. ಬಿಲಾನಾ ಟೊರೆಸ್ ಆ ಹಡಗಿನ ಚೀಫ್ ಎಂಜಿನಿಯರ್. ತಾಯಿ ಕ್ಲಿಂಗನ್, ತಂದೆ ಮನುಷ್ಯ. ಈಗ ಅವಳೇ ಬಸುರಿ. ಮಗು ಮುಂದೆ ಹೇಗೆ ಕಾಣಬಹುದು ಅಂತ ಡಾಕ್ಟರ್ ಹಾಲೊಗ್ರಾಮ್‌ನಲ್ಲಿ ತೋರಿಸ್ತಾನೆ. ಮಗುವಿನ ಹಣೆ ಮೇಲೆ ಉಬ್ಬು. ಗಂಡ ಟಾಮ್‌ಗೆ ಖುಷಿ, ಇವಳ ಮುಖ ಇಳಿದುಹೋಗುತ್ತೆ. ಆಮೇಲೆ ಒಬ್ಬಳೇ ಕೂತು ಕಂಪ್ಯೂಟರ್‌ನಲ್ಲಿ ಒಂದೊಂದೇ ಜೀನ್ ತೆಗೆಸ್ತಾ ಹೋಗ್ತಾಳೆ. ಎದುರಿಗಿರುವ ಹುಡುಗಿಯ ಹಣೆ ನುಣ್ಣಗಾಗುತ್ತೆ. ಡಾಕ್ಟರ್ ಬಾಯಲ್ಲಿ ಸುಳ್ಳು ಹೇಳಿಸಿ ಆಪರೇಷನ್ ಮಾಡಿಸೋ ಮಟ್ಟಕ್ಕೂ ಹೋಗ್ತಾಳೆ.

ಯಾಕೆ ಅಂದರೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ, ಕಸಿನ್‌ಗಳ ಜೊತೆ ಕ್ಯಾಂಪಿಂಗ್‌ಗೆ ಹೋಗಿದ್ದಾಗ ಎಲ್ಲರೂ ರೇಗಿಸಿದ್ದರು. ಆ ರಾತ್ರಿ ಅಪ್ಪ ತನ್ನ ಒಡಹುಟ್ಟಿದವನ ಹತ್ತಿರ, ಮನೆಯಲ್ಲಿ ಇಬ್ಬರು ಕ್ಲಿಂಗನ್‌ಗಳ ಜೊತೆ ಬಾಳೋದು ಕಷ್ಟ ಅಂದದ್ದು ಅವಳ ಕಿವಿಗೆ ಬಿತ್ತು. ಅಷ್ಟು ಕಷ್ಟವಾದರೆ ಹೊರಟುಹೋಗು ಅಂತ ಅಪ್ಪನ ಮುಖಕ್ಕೆ ಹೇಳಿದಳು. ಕೆಲವೇ ದಿನದಲ್ಲಿ ಅಪ್ಪ ಹೊರಟೇಹೋದ. ಇಷ್ಟು ವರ್ಷವೂ ತನ್ನ ಹಣೆಯಿಂದಲೇ ಅಪ್ಪ ಹೋದ ಅಂತ ಅಂದುಕೊಂಡಿದ್ದಾಳೆ, ನಾಳೆ ಟಾಮ್ ಕೂಡ ಹೋಗ್ತಾನೆ ಅಂತ ಹೆದರಿದ್ದಾಳೆ.

‘ವಾಯೇಜರ್’ನ ಹಿಂದಿನ ಆರು ಸೀಸನ್ ನೋಡಿರದಿದ್ದರೂ ಈ ಎಪಿಸೋಡ್ ಅರ್ಥವಾಗುತ್ತೆ. ಮಗಳ ಜೊತೆ ಕೂತು ನೋಡಿ. ಮುಗಿದ ಮೇಲೆ ಅವಳ ಪ್ರಶ್ನೆ ಹಣೆಯದ್ದಾಗಿರಲ್ಲ, ಆ ಅಪ್ಪ ಯಾಕೆ ಹಾಗೆ ಮಾಡಿದ ಅನ್ನೋದಾಗಿರುತ್ತೆ. ಅದಕ್ಕೆ ಉತ್ತರ ನೀವೇ ಕೊಡಬೇಕು.